ನನ್ನದಲ್ಲದ ಸ್ಕೂಟರಿನ ಸಾಲ

ನನಗೆ ಸೈಕಲ್ ತುಳಿಯುವುದಕ್ಕೂ ಬರುವುದಿಲ್ಲ. ಅಂಥವಳ ಹೆಸರಿಗೆ, ಸ್ಕೂಟರ್ ಸಾಲದ ಕಂತು ಬಾಕಿಯಿದೆ ಎಂದು ತರೀಕೆರೆಯ ನಮ್ಮ ಮನೆಗೆ ನೋಟಿಸ್ ಬಂತು. ಕಡೂರಿನ ಯಾವುದೋ ಫೈನಾನ್ಸ್‌ನವರದು. ನನ್ನ ಯಜಮಾನರು ಓದಿ ಮೊದಲು ನಕ್ಕರು. ಆಮೇಲೆ, "ಯಾರಿಗಾದ್ರೂ ಆಧಾರ್ ಜೆರಾಕ್ಸ್ ಕೊಟ್ಟಿದ್ಯೇನೇ?" ಎಂದರು. ಆ ಮಾತೇ ನನಗೆ ಹೆಚ್ಚು ನಾಟಿತು.

ಮರುದಿನ ತಕರಾರು ಅರ್ಜಿ ಬರೆದುಕೊಂಡು ಕಡೂರಿಗೆ ಹೋದೆ. ಕೌಂಟರಿನ ಹುಡುಗ ಕಂಪ್ಯೂಟರ್ ನೋಡುತ್ತಲೇ, "ಹೆಸ್ರು ನಿಮ್ದೇ ಇದೆ ಮೇಡಂ, ಹುಟ್ಟೂರೂ ಅದೇ. ಸದ್ಯಕ್ಕೆ ಒಂದು ಕಂತು ಕಟ್ಬಿಡಿ, ಆಮೇಲೆ ನೋಡಣ" ಎಂದ.

"ತಗೊಳ್ದೇ ಇರೋ ಸಾಲಕ್ಕೆ ಒಂದು ರೂಪಾಯಿನೂ ಕಟ್ಟಲ್ಲ. ಸಾಲ ತಗೊಂಡೋರ ಫೋಟೋ ತೋರ್ಸಿ."

ಬಹಳ ಹೊತ್ತು ವಾದವಾಡಿದ ಮೇಲೆ ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ. ಕೂದಲು ನರೆತಿತ್ತು, ಆದರೂ ಗುರುತು ಸಿಕ್ಕಿತು. ಅಂತರಘಟ್ಟೆ ಹತ್ತಿರದ ನಮ್ಮೂರಿನವಳೇ, ಅಜ್ಜಂಪುರದ ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು. ನಮ್ಮಿಬ್ಬರದೂ ಒಂದೇ ಹೆಸರು. ಎತ್ತರವಿದ್ದ ಅವಳನ್ನು ಮೇಷ್ಟ್ರು ದೊಡ್ಡೋಳು ಎಂದೂ ನನ್ನನ್ನು ಚಿಕ್ಕೋಳು ಎಂದೂ ಕರೆಯುತ್ತಿದ್ದರು.

"ಇವ್ರ ಫೋನ್ ಸ್ವಿಚ್ ಆಫ್. ಆಧಾರಲ್ಲಿರೋ ಊರಲ್ಲಿ ಕೇಳಿದ್ದಕ್ಕೆ ನಿಮ್ಮ ವಿಳಾಸ ಕೊಟ್ರು. ಇವ್ರು ಗೊತ್ತಾ ಮೇಡಂ?"

"ಗೊತ್ತಿಲ್ಲ" ಎಂದೆ. ಅವಳನ್ನು ಉಳಿಸಲು ಹಾಗೆ ಹೇಳಿದೆನೋ, ಈ ರಗಳೆಯೇ ಬೇಡವೆಂದು ಹೇಳಿದೆನೋ, ಇವತ್ತಿಗೂ ಖಚಿತವಿಲ್ಲ. ಹುಡುಗ ಅರ್ಜಿ ತೆಗೆದುಕೊಂಡು ಪ್ರತಿಗೆ ಸೀಲು ಒತ್ತಿಕೊಟ್ಟ.

ನೇರ ಮನೆಗೆ ಹೋಗಬಹುದಿತ್ತು. ಹೋಗದೆ ಅಜ್ಜಂಪುರದ ಮೇಲೆ ಶಿವನಿ ಎಂಬ ಊರಿಗೆ ಹೊರಟೆ. ಅವಳನ್ನು ಮದುವೆ ಮಾಡಿ ಕೊಟ್ಟಿದ್ದು ಆ ಊರಿಗೆ. ಗೃಹಪ್ರವೇಶಕ್ಕೆ ಕರೆದಿದ್ದಳು, ಮಗಳ ಮದುವೆಗೂ ಕರೆದಿದ್ದಳು. ಎರಡು ಸಲವೂ "ಬತ್ತೀನಿ ಕಣೇ" ಎಂದು ಹೇಳಿ ಹೋಗಿರಲಿಲ್ಲ. ಹಾಗಾಗಿ ಮನೆ ಎಲ್ಲಿದೆ ಎಂದು ರೈಲ್ವೆ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಕೇಳಬೇಕಾಯಿತು.

ಅವಳು ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದಳು, ಪಕ್ಕದಲ್ಲಿ ವಾಕರ್. ನನ್ನನ್ನು ಕಂಡದ್ದೇ ಮುಖ ಅರಳಿತು.

"ಲೇ ಚಿಕ್ಕೋಳೇ! ನಾನು ಬಿದ್ದಿದ್ದು ಯಾರ್ ಹೇಳಿದ್ರೇ ನಿಂಗೆ?"

ಯಾರೋ ಹೇಳಿದರು ಎಂದಿದ್ದರೆ ಆಗುತ್ತಿತ್ತು. ಅಷ್ಟರಲ್ಲಿ ನನ್ನ ಕೈ ಬ್ಯಾಗಿನಿಂದ ನೋಟಿಸ್ ತೆಗೆದಿತ್ತು.

ಅವಳು ಓದಿದಳು. ಹಳ್ಳಿ ಹಳ್ಳಿ ತಿರುಗಿ ಸೀರೆ ಮಾರಲು ಸ್ಕೂಟರ್ ತೆಗೆದುಕೊಂಡಿದ್ದಳಂತೆ. ಅದರಿಂದಲೇ ಬಿದ್ದು ಕಾಲಿಗೆ ರಾಡ್ ಹಾಕಿಸಿಕೊಂಡ ಮೇಲೆ ವ್ಯಾಪಾರ ನಿಂತಿತ್ತು, ಕಂತೂ ನಿಂತಿತ್ತು.

"ನಿನ್ ಹೆಸ್ರು ನಾನು ಕೊಟ್ಟಿಲ್ಲ ಕಣೇ. ನಂದೂ ಅದೇ ಹೆಸ್ರಲ್ವಾ."

"ಗೊತ್ತು ಬಿಡೇ. ಆಫೀಸಲ್ಲಿ ಕೇಳಿದ್ರು, ನೀನು ಗೊತ್ತೇ ಇಲ್ಲ ಅಂದ್ಬಿಟ್ಟೆ ನಾನು" ಎಂದೆ, ಅವಳಿಗೆ ಸಮಾಧಾನವಾಗಲಿ ಎಂದು.

ಅವಳು ಕಾಗದ ಮಡಚಿ ನನ್ನ ಕೈಗಿತ್ತಳು. "ಗೊತ್ತೇ ಇಲ್ಲ ಅಂದ್ಯಾ?" ಎಂದಳು. ಆಮೇಲೆ, "ಮದ್ವೆಗೆ ಬರ್ಲಿಲ್ಲ. ಇದಕ್ಕೆ ಬಂದ್ಯಲ್ಲೇ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸೊಸೆ ತಂದ ಕಾಫಿಯನ್ನು ಇಬ್ಬರೂ ಕುಡಿದೆವು.

ಕೆಲವು ವಾರಗಳ ನಂತರ, ಸಾಲಕ್ಕೂ ನನಗೂ ಸಂಬಂಧವಿಲ್ಲವೆಂದು ಪತ್ರ ಬಂತು. ಫೋನ್ ಮಾಡಿದಾಗ ಕೌಂಟರಿನ ಹುಡುಗನೇ ಹೇಳಿದ: "ಆ ಮೇಡಂ ವಾಕರ್ ಹಿಡ್ಕೊಂಡೇ ಬಂದಿದ್ರು. ಸ್ಕೂಟರ್ ಒಪ್ಪಿಸಿ, ಮೊದ್ಲು ನಿಮಗೆ ಪತ್ರ ಕಳ್ಸಿ ಅಂದ್ರು."

ಯಜಮಾನರಿಗೆ ಖುಷಿಯಾಯಿತು. ನಾನು ಅವಳ ಮನೆಗೆ ಫೋನ್ ಮಾಡಿದೆ. ಸೊಸೆ ಎತ್ತಿಕೊಂಡು, ಅತ್ತೆ ಮಲಗಿದ್ದಾರೆ ಎಂದಳು. ಇನ್ನೊಂದು ಸಲ ಮಾಡಿದಾಗಲೂ ಹಾಗೇ ಎಂದಳು.

ಮೊನ್ನೆ ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಕಂಡೆ. ಸೀರೆಯ ಗಂಟು ಮಡಿಲಲ್ಲಿಟ್ಟುಕೊಂಡು ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಹತ್ತಿರ ಹೋಗಿ, "ಕಾಲು ಹೆಂಗಿದ್ಯೇ?" ಎಂದೆ.

ಗಂಟನ್ನು ಸರಿಸಿ ಜಾಗ ಮಾಡಿದಳು. "ಪರ್ವಾಗಿಲ್ಲ," ಎಂದಳು, "ಕೂತ್ಕೊಳ್ಳಿ."