ನನ್ನ ಲೇಖನ ಹಿಡಿದು ಬಂದ ಗಿರಾಕಿ

"ಇದರಾಗ ಹೆಂಗ ಬರದೈತೋ ಹಂಗ ಮಾಡಿಕೊಡ್ರಿ," ಎಂದು ಗಿರಾಕಿಯೊಬ್ಬರು ಸುಟ್ಟ ಪಂಪ್ ಮೋಟಾರಿನ ಜತೆ ಪ್ರಿಂಟ್ ತೆಗೆಸಿದ ಹಾಳೆಯೊಂದನ್ನೂ ಮೇಜಿನ ಮೇಲಿಟ್ಟರು. ನೋಡಿದರೆ ನನ್ನದೇ ಲೇಖನ! ಲಕಮನಹಳ್ಳಿಯ ನನ್ನ ಮೋಟಾರ್ ರಿವೈಂಡಿಂಗ್ ಅಂಗಡಿಯ ಬ್ಲಾಗಿಗೆ ಓದುಗರು ಬರಲೆಂದು, ವರ್ಷದಿಂದ ಕಂಡವರ ಬ್ಲಾಗುಗಳಿಗೆಲ್ಲ ಬಿಟ್ಟಿ ಬರೆದು ಸುಸ್ತಾಗಿದ್ದೆ. ಇದೂ ಅಂಥದ್ದೇ ಒಂದು; ಆದರೆ ನನ್ನ ಮತ್ತು ಅಂಗಡಿಯ ಹೆಸರಿದ್ದ ಕೊನೆಯ ಸಾಲೇ ಪ್ರಿಂಟಿನಲ್ಲಿ ಬಂದಿರಲಿಲ್ಲ.

"ಹೊಸಾ ತಂತಿ ಸುತ್ತಿದ ಮ್ಯಾಲ ವಾರ್ನಿಷ್ ಹಚ್ಚಿ ಪೂರಾ ಒಂದ ದಿನಾ ಒಣಗಿಸಬೇಕಂತರಿ. ಹೋದ ಸಲ ನೀವು ಸಂಜಿಗೇ ಕೊಟ್ರಿ, ಮತ್ತ ಸುಟ್ಟುಹೋತು. ಇದನ್ನ ಬರದಾವ್ರು ಶಾಣ್ಯಾ ಅದಾರ, ನೀವೂ ಒಂದೀಟು ಓದ್ರಿ."

"ಓದ್ತೀನ್ರಿ," ಎಂದು ಹಾಳೆಯನ್ನು ಇಟ್ಟುಕೊಂಡೆ. ಮೋಟಾರನ್ನು ಪೂರಾ ಒಂದು ದಿನ ಒಣಗಿಸಿಯೇ ಕೊಟ್ಟೆ.

ಆ ಹಾಳೆ ಈಗ ವಾರ್ನಿಷ್ ಡಬ್ಬಿಯ ಮೇಲಿನ ಗೋಡೆಗೆ ಅಂಟಿದೆ. ಅದರ ಕೆಳಗೆ ನನ್ನ ಹೆಸರನ್ನು ಇನ್ನೂ ಬರೆದಿಲ್ಲ.