ಕುರ್ಚಿ ಬಿಸಿಯಾಗಬಾರದು

ಮದುವೆಯಾಗಿ ಉಡುಪಿಯಿಂದ ಮುಂಬಯಿಗೆ ಬಂದಿಳಿದ ದಿನ ನನ್ನನ್ನು ಮನೆಗೆ ಕರೆದುಕೊಂಡು ಹೋಗಲಿಲ್ಲ. ನೇರ ಆಫೀಸುಗಳೇ ತುಂಬಿದ ಫೋರ್ಟ್ ಪೇಟೆಯಲ್ಲಿದ್ದ ಮಾವನವರ ಹೋಟೆಲಿಗೆ ಕರೆದುಕೊಂಡು ಹೋದರು. ಮಧ್ಯಾಹ್ನದ ಊಟದ ಹೊತ್ತು. ಗಲ್ಲಾದಲ್ಲಿ ಕೂತಿದ್ದ ಮಾವನವರು ಒಮ್ಮೆ ಕಣ್ಣೆತ್ತಿ ನೋಡಿ, ಇಬ್ಬರು ಬ್ಯಾಂಕ್ ಗುಮಾಸ್ತರು ಊಟ ಮಾಡುತ್ತಿದ್ದ ಟೇಬಲ್ಲಿನ ಖಾಲಿ ಕುರ್ಚಿಗಳನ್ನು ತೋರಿಸಿದರು. ನನಗೆ ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ. ಎದುರಿಗೆ ಗುರುತು ಪರಿಚಯವಿಲ್ಲದ ಗಂಡಸರು ಸುರ್ ಸುರ್ ಎಂದು ಸಾರು ಕುಡಿಯುತ್ತಿದ್ದರು. ನಾನು ಕೊನೆಯ ತುತ್ತು ನುಂಗುವ ಮೊದಲೇ ಹೋಟೆಲಿನ ಹುಡುಗನೊಬ್ಬ ಬಂದು ನನ್ನ ತಟ್ಟೆಯ ಸುತ್ತ ಒದ್ದೆ ಬಟ್ಟೆ ಆಡಿಸಿದ. ಮುಂದಿನ ಗಿರಾಕಿ ಆಗಲೇ ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ.

"ಏಳುವ, ಜನ ಕಾಯ್ತಾ ಇದ್ದಾರೆ" ಅಂದರು ಇವರು. ಮುಂಬಯಿಯಲ್ಲಿ ಗಂಡ ನನಗೆ ಆಡಿದ ಮೊದಲ ಮಾತು ಅದು. ಅವತ್ತು ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಕುರ್ಚಿ ಬಿಸಿಯಾಗಬಾರದು ಎನ್ನುವುದು ಮಾವನವರ ಕಟ್ಟಳೆ. ಯಾರ ಪಕ್ಕ ಯಾರು ಬೇಕಾದರೂ ಕೂರಬೇಕು, ಕಾಫಿಯ ಜೊತೆಗೇ ಬಿಲ್ಲು ಬರಬೇಕು, ಲೋಟ ಕೆಳಗಿಡುವಾಗ ಟೇಬಲ್ ಒರೆಸಿ ಆಗಿರಬೇಕು. ಫೋರ್ಟಿನವರಿಗೆ ಇದರಿಂದ ಏನೂ ಬೇಸರವಿರಲಿಲ್ಲ. ಅವರಿಗೂ ಆಫೀಸಿಗೆ ಓಡಬೇಕು. ಬಿಲ್ಲು ತಡವಾದರೆ ಅವರೇ ರೇಗುತ್ತಿದ್ದರು. ಮಾವನವರು ಹೋದ ಮೇಲೆ ಇವರು ಅದೇ ಗಲ್ಲಾದಲ್ಲಿ ಕೂತು ಅದೇ ಕಟ್ಟಳೆ ನಡೆಸಿದರು. ಹಬ್ಬ ಅಂತಿಲ್ಲ, ಜ್ವರ ಅಂತಿಲ್ಲ, ಬೆಳಕು ಹರಿಯುವ ಮೊದಲು ಪಾರ್ಲೆಯ ಮನೆಯಿಂದ ಲೋಕಲ್ ರೈಲು ಹಿಡಿದು ಹೋಗುತ್ತಿದ್ದರು. ಆ ಹೋಟೆಲು ಬಿಟ್ಟರೆ ಈ ಮನುಷ್ಯನಿಗೆ ಬೇರೆ ಆಟವಿಲ್ಲ, ಊರಿಲ್ಲ, ಗೆಳೆಯರಿಲ್ಲ. ನನಗಿದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ನೈರೋಬಿಯ ಮಾತು ಎದ್ದಾಗ ನಾನು ಬೇಡವೇ ಬೇಡ ಅಂದೆ.

ಮಾತು ತಂದವನು ಒಬ್ಬ ಹಳೆಯ ಗಿರಾಕಿ. ನೈರೋಬಿಯಲ್ಲಿ ಅಂಗಡಿಯಿದ್ದವನು, ಮುಂಬಯಿಗೆ ಬಂದಾಗಲೆಲ್ಲ ನಮ್ಮಲ್ಲೇ ಊಟ. ಅಲ್ಲಿ ದೊಡ್ಡ ಮಾಲ್ ಎದ್ದಿದೆ, ಒಂದು ಜಾಗ ಖಾಲಿ ಇದೆ, ನೀವು ಬಂದರೆ ಸಾಲು ನಿಲ್ಲುತ್ತದೆ ಎಂದ. ಇವರ ತಲೆಗೆ ಹುಳ ಹೊಕ್ಕಿತು.

"ಅಲ್ಲಿ ಪೇಟೆ ಬೆಳೀತಾ ಉಂಟು ಮಾರಾಯ್ತಿ. ಅಲ್ಲಿ ಒಮ್ಮೆ ಹೆಸರು ಆಯ್ತಂದ್ರೆ ಲಂಡನ್ ಎಂತ ದೂರವಾ?"

"ನಿಮಗೆಂತ ಮರುಳಾ? ಈ ವಯಸ್ಸಲ್ಲಿ ಆಫ್ರಿಕಕ್ಕೆ ಹೋಗಿ ಇಡ್ಲಿ ಮಾರ್ಲಿಕ್ಕುಂಟಾ?"

ಮಗಳು ಅಪ್ಪನ ಪರ. ಅವಳಿಗೆ ಕಂಪನಿಗಳಿಗೆ ಬುದ್ಧಿ ಹೇಳುವ ಕೆಲಸ, ಮುಂಬಯಿಯಲ್ಲೇ ಬೆಳೆದು ಮಾತಿನಲ್ಲಿ ಅರ್ಧ ಹಿಂದಿ. "ಅಮ್ಮಾ, ಟೆನ್ಶನ್ ಮತ್ ಲೋ ನಾ. ಅದು ಎಮರ್ಜಿಂಗ್ ಮಾರ್ಕೆಟ್ ಇದೆ. ಪಪ್ಪಾ ಅಲ್ಲಿ ಕ್ಲಿಕ್ ಆದ್ರೆ ಮುಂದೆ ಎಲ್ಲಾ ಈಸಿ."

ಬಂಡವಾಳಕ್ಕೆ ಇದ್ದದ್ದು ಒಂದೇ ದಾರಿ. ಫೋರ್ಟಿನ ಜಾಗ ಮಾವನವರು ಪಗಡಿ ಅಂತ ಒಮ್ಮೆಗೇ ದೊಡ್ಡ ಮೊತ್ತ ಕೊಟ್ಟು ಹಿಡಿದ ಹಳೇ ಬಾಡಿಗೆಯದು. ಕಟ್ಟಡದ ಮಾಲೀಕ ಅದನ್ನು ಬಿಡಿಸಿಕೊಳ್ಳಲು ವರ್ಷಗಳಿಂದ ಬಾಯಿ ತೆರೆದು ಕೂತಿದ್ದ. ಹಕ್ಕು ಬಿಟ್ಟುಕೊಟ್ಟರೆ ಕೈತುಂಬ ಹಣ ಬರುತ್ತದೆ, ಆದರೆ ಆ ಜಾಗ ಮತ್ತೆ ಈ ಜನ್ಮದಲ್ಲಿ ಸಿಗುವುದಿಲ್ಲ. ನಾನು ಅತ್ತು ಕರೆದು ಜಗಳ ಮಾಡಿದೆ, ಎರಡು ಹೊತ್ತು ಮಾತು ಬಿಟ್ಟೆ. ಇವರು ಸಹಿ ಹಾಕಿ ಬಂದು, ಏನೂ ಆಗದವರ ಹಾಗೆ ಚಹಾ ಕೇಳಿದರು.

ಇವರು ಹೋಟೆಲಿನ ಹಳೆಯ ಹುಡುಗರಲ್ಲಿ ಕೆಲವರನ್ನು ಕಟ್ಟಿಕೊಂಡು ನೈರೋಬಿಗೆ ಹೋದರು. ನಾನು ಪಾರ್ಲೆಯಲ್ಲೇ ಉಳಿದೆ. ಮೊದಮೊದಲು ವಿಡಿಯೋ ಕಾಲ್ ಅಂದರೆ ಗಲಾಟೆಯೋ ಗಲಾಟೆ. ನೋಡು ಜನ, ನೋಡು ಲೈಟು, ಇಲ್ಲಿಯವರಿಗೆ ಮಸಾಲೆ ದೋಸೆ ಎಷ್ಟು ಸೇರ್ತದೆ ನೋಡು. ನನಗೂ ಒಳಗೊಳಗೇ ಖುಷಿಯಾಗಿ, ಕೆಳಗಿನ ಮನೆಯವರಿಗೆ ಕೊಚ್ಚಿಕೊಂಡು ಬಂದೆ. ಆಮೇಲೆ ಆಮೇಲೆ ಇವರು ಫೋನನ್ನು ಮುಖದ ಹತ್ತಿರವೇ ಹಿಡಿದು ಮಾತಾಡತೊಡಗಿದರು. ಹಿಂದಿನದು ಏನೂ ಕಾಣಿಸುತ್ತಿರಲಿಲ್ಲ. ಒಮ್ಮೆ ಕೈ ಜಾರಿತೋ ಏನೋ, ಹಿಂದೆ ಉದ್ದಕ್ಕೂ ಖಾಲಿ ಕುರ್ಚಿಗಳು ಕಂಡವು.

"ಎಂತ ಆಯ್ತು? ಸರೀ ಹೇಳಿ" ಅಂದೆ.

ಆಗ ಬಾಯಿ ಬಿಟ್ಟರು. ಅಲ್ಲಿಯವರು ಹೋಟೆಲಿಗೆ ಬರುವುದು ಸಾವಕಾಶ ಕೂತು ಮಾತಾಡಲಿಕ್ಕೆ. ಮನೆಮಂದಿ, ಗೆಳೆಯರು ಎಲ್ಲ ಸೇರಿ ನಗುತ್ತಾ ಉಣ್ಣುವವರು. ಇವರು ಅಂಥವರ ಟೇಬಲ್ಲಿಗೇ ಯಾರೋ ಒಂಟಿ ಗಿರಾಕಿಯನ್ನು ತಂದು ಕೂರಿಸಿದರು. ಕಾಫಿಗೆ ಬಾಯಿ ಹಚ್ಚುವ ಮೊದಲೇ ಬಿಲ್ಲು, ಮಾತಿನ ನಡುವೆ ಒದ್ದೆ ಬಟ್ಟೆ. ಜನರಿಗೆ ತಮ್ಮನ್ನು ಹೊರಗೆ ಅಟ್ಟಿದ ಹಾಗೆ ಅನಿಸಿತು. ಜಗಳ ಮಾಡಲಿಲ್ಲ ಪಾಪ, ನಗುನಗುತ್ತಾ ದುಡ್ಡು ಕೊಟ್ಟು ಎದ್ದು ಹೋದರು. ಮತ್ತೆ ಬರಲಿಲ್ಲ ಅಷ್ಟೆ.

"ಹಾಗಾದರೆ ಕೂತ್ಕೊಳ್ಳಿಕ್ಕೆ ಬಿಡಿ ಮಾರಾಯ್ರೆ, ನಿಮ್ಮ ಗಂಟೇನು ಹೋಗ್ತದೆ?"

"ಬಿಡ್ತಾ ಇದ್ದೇನೆ. ಹುಡುಗರ ಕೈ ಕೇಳುದಿಲ್ಲ. ನನ್ನ ಕಾಲೂ ಕೇಳುದಿಲ್ಲ, ತಾನಾಗಿಯೇ ಅವರ ಹಿಂದೆ ಹೋಗಿ ನಿಲ್ತದೆ."

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅಪ್ಪನಿಂದ ಕಲಿತ ಒಂದೇ ವಿದ್ಯೆ, ಅದೇ ಅಲ್ಲಿ ಇವರನ್ನು ಮುಳುಗಿಸುತ್ತಿತ್ತು. ಕೊನೆಗೆ ಟೇಬಲ್ ಒರೆಸುವುದನ್ನೂ ಬಿಟ್ಟರು, ಬಿಲ್ಲು ಕೇಳಿದ ಮೇಲೆಯೇ ಕೊಟ್ಟರು. ಅಷ್ಟರಲ್ಲಿ ಮಾಲಿನೊಳಗೆ ಹೆಸರು ಕೆಟ್ಟಾಗಿತ್ತು, ಬಾಡಿಗೆ ಮಾತ್ರ ಕಾಯಲಿಲ್ಲ. ಅಂಗಡಿ ಮುಚ್ಚಿ ಬಂದರು. ವಿಮಾನ ನಿಲ್ದಾಣದಿಂದ ರಿಕ್ಷಾದಲ್ಲಿ ಬರುವಾಗ ಮಗಳು ಏನೋ ಸಮಾಧಾನ ಹೇಳಲು ಹೋಗಿ ಕನ್ನಡದ ಮಾತು ಸಿಗದೆ ಅಪ್ಪನ ಚೀಲವನ್ನು ತನ್ನ ತೊಡೆಗೆ ಎಳೆದುಕೊಂಡಳು. ಲಂಡನ್ ಸುದ್ದಿಯನ್ನು ನಮ್ಮ ಮನೆಯಲ್ಲಿ ಆಮೇಲೆ ಯಾರೂ ಎತ್ತಿಲ್ಲ.

ಈಗಲೂ ಇವರು ಕತ್ತಲಿರುವಾಗಲೇ ಎದ್ದು ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕಿಕೊಂಡು ಹಾಲ್‌ನಲ್ಲಿ ಕೂರುತ್ತಾರೆ. ನೋಡಿದರೆ ಬೈಯಬೇಕು ಅನಿಸುತ್ತದೆ, ಯಾರನ್ನು ಬೈಯಲಿ?

ಹೋದ ತಿಂಗಳು, "ಒಮ್ಮೆ ಫೋರ್ಟಿಗೆ ಹೋಗಿ ಬರುವನಾ?" ಅಂದರು. ನಾನು ಸೀರೆ ಬದಲಿಸಿ ಹೊರಟೆ.

ನಮ್ಮ ಹೋಟೆಲಿದ್ದಲ್ಲಿ ಈಗ ಕಾಫಿ ಅಂಗಡಿ. ಗಾಜಿನ ಬಾಗಿಲು, ಏಸಿ, ಮೆತ್ತನೆಯ ಸೋಫಾ. ಅಡಿಗೆಮನೆಯ ಗೋಡೆ ಒಡೆದಿದ್ದಾರೆ. ಗಲ್ಲಾ ಇದ್ದ ಕಡೆ ಹೂವಿನ ಕುಂಡವಿತ್ತು. ದುಡ್ಡು ಮೊದಲೇ ಕೊಟ್ಟು ಕಾಫಿ ತೆಗೆದುಕೊಂಡು ಕೂತೆವು. ಸುತ್ತ ಹುಡುಗ ಹುಡುಗಿಯರು ಖಾಲಿ ಲೋಟ ಮುಂದಿಟ್ಟುಕೊಂಡು, ಲ್ಯಾಪ್‌ಟಾಪ್ ತೆರೆದು ಕೂತೇ ಇದ್ದರು. ಯಾರೂ ಅವರನ್ನು ಏಳಿಸಲಿಲ್ಲ. ಇವರು ಒಬ್ಬೊಬ್ಬರನ್ನೇ ನೋಡಿದರು. ಆಗಾಗ ಕತ್ತು ತಿರುಗಿಸಿ ಬಿಲ್ಲಿಗಾಗಿ ಹುಡುಕಿದರು. ದುಡ್ಡು ಕೊಟ್ಟಾಗಿದೆ ಎಂದು ನಾನು ನೆನಪಿಸಿದೆ.

ನನ್ನ ಲೋಟದಲ್ಲಿ ಅರ್ಧ ಕಾಫಿ ಇತ್ತು. ಇವರು ಕಿಸೆಯಿಂದ ಕರವಸ್ತ್ರ ತೆಗೆದು ನನ್ನ ಲೋಟದ ಸುತ್ತ ಮೇಜನ್ನು ಒರೆಸಿದರು, ಮೂಲೆ ಮೂಲೆಯನ್ನೂ ಬಿಡದೆ. ಆಮೇಲೆ ಎದ್ದು ನಿಂತರು.

"ಏಳುವ" ಅಂದರು, "ಜನ ಕಾಯ್ತಾ ಇದ್ದಾರೆ."

ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಕಾಫಿ ಅಲ್ಲೇ ಬಿಟ್ಟು ಎದ್ದೆ.