ಆಳಂದದ ದಾರಿಯಲ್ಲಿ ಹೊಗೆ

ಇಪ್ಪತ್ತು ವರ್ಷದಿಂದ ನಾನು ಓಡಿಸುತ್ತಿರುವ ಈ ಹಳೇ ಕಾರಿನ ಎಡಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ನಾನೇ ಇಳಿದು, ಸುತ್ತಿ ಹೋಗಿ ತೆರೆಯಬೇಕು. ಅಲ್ಲಿಯವರೆಗೆ ಹೆಂಡತಿ ಸುಮಿತ್ರಾ ರಾಣಿಯ ಹಾಗೆ ಕೂತಿರುತ್ತಾಳೆ. ನಮಗಿಬ್ಬರಿಗೂ ಅದು ಇಷ್ಟದ ಆಟ.

ಇವತ್ತು ಜಿಡಗಾ ದಾಟಿ ಆಳಂದದ ಕಡೆ ಬರುವಾಗ ಅವಳ ಕಾಲ ಬಳಿಯಿಂದ ಹೊಗೆ ಎದ್ದಿತು. ಕಾರು ನಿಲ್ಲಿಸಿ, ಓಡಿ ಹೋಗಿ ಬಾಗಿಲು ಎಳೆದೆ. ಹಿಡಿಕೆಯೇ ಕಿತ್ತು ಕೈಗೆ ಬಂತು. ಧೂಳಿಗೆಂದು ಏರಿಸಿದ್ದ ಗಾಜಿನಾಚೆ ಅವಳ ಮುಖ ಮಸುಕಾಗುತ್ತಿತ್ತು. ಬಾಯಿ ಆಡುತ್ತಿತ್ತು, ಮಾತು ಕೇಳಿಸಲಿಲ್ಲ.

"ನನ್ನ ಸೀಟಿನ ಕಡಿ ಸರದ ಬಾ, ಲಗೂನ!" ಎಂದು ಕೂಗಿದೆ. ಅವಳು ಕದಲಲಿಲ್ಲ. ಮತ್ತೆ ಬಲಬದಿಗೆ ಓಡಿದೆ. ಮುಂದೆ ಇರುವುದು ಒಂದೇ ಉದ್ದ ಸೀಟು. ಕೈ ಚಾಚಿ, ಮುಂಗೈ ಹಿಡಿದು ಅವಳನ್ನು ಈಚೆ ಎಳೆದುಕೊಂಡೆ.

"ನೀರು! ಯಾರಾದ್ರೂ ನೀರ್ ತರ್ರಿ!"

ಪಕ್ಕದ ತೊಗರಿ ಹೊಲದಿಂದ ಹೆಂಗಸೊಬ್ಬರು ಓಡಿಬಂದರು. "ನೀರ್ ಬ್ಯಾಡ್ರಿ, ವಾಯರ್ ಸುಡಾಕತ್ತಾವ" ಎಂದವರೇ ಉಡಿ ತುಂಬ ಎರೆಮಣ್ಣು ತಂದು ಸುರಿದರು. ನೀರಿಗೆ ಹುಡುಕುತ್ತಿದ್ದ ನನಗೆ ಕಾಲಡಿಯ ಮಣ್ಣು ಹೊಳೆದೇ ಇರಲಿಲ್ಲ. ಹೊಗೆ ಅಡಗಿತು.

"ನಿಮ್ಮ ಗಾಡಿ ಉಳೀತ್ ನೋಡ್ರಿ" ಎಂದರು.

ನಾನು ಆ ಕಡೆ ನೋಡಲಿಲ್ಲ. ಮನೆ ಸೇರಿದ ಮೇಲೂ ಸುಮಿತ್ರಾ ಇನ್ನೂ ಕೆಮ್ಮುತ್ತಿದ್ದಾಳೆ. ಎಡಗೈಯಲ್ಲಿ ಅವಳ ಕೈ ಹಿಡಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ.